ಎಲ್ಲವೂ ಪಿಡಿಎಫ್ ಅಲ್ಲ, ಮಾಷ್ಟ್ರೇ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಇಪ್ಪತ್ತಮೂರು ವರ್ಷ ಆಯ್ತು. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಕೋಲದ ನೋಟೀಸು, ಶಾಲೆಯ ಸ್ಮರಣ ಸಂಚಿಕೆ, ಕಚೇರಿಗಳಿಗೆ ಕೊಡುವ ಅರ್ಜಿ, ಎಲ್ಲ ಮಾಡುತ್ತೇನೆ. ಕನ್ನಡ, ಮಲಯಾಳ ಎರಡೂ ಟೈಪ್ ಮಾಡುತ್ತೇನೆ. ತುಳು ಬಂದರೆ ಕನ್ನಡ ಲಿಪಿಯಲ್ಲಿ.

ಅಂಗಡಿಗೆ ಬರುವವರಿಗೆ ಎಲ್ಲವೂ ಪಿಡಿಎಫ್. ಮೊಬೈಲಿನಲ್ಲಿ ತೆಗೆದ ಫೋಟೋ ಪಿಡಿಎಫ್. ವಾಟ್ಸಾಪಿನಲ್ಲಿ ಬಂದ ವರ್ಡ್ ಫೈಲೂ ಪಿಡಿಎಫ್. "ಅಕ್ಕಾ, ಈ ಪಿಡಿಎಫ್ಫಲ್ಲಿ ಮದುಮಗನ ಅಜ್ಜನ ಹೆಸರು ಒಂದು ಸೇರಿಸಿ ಕೊಡಿ" ಅಂತಾರೆ. ನೋಡಿದರೆ ಅದು ಇನ್ಯಾರದೋ ಆಮಂತ್ರಣದ ಫೋಟೋ. ಮೂಲೆಯಲ್ಲಿ ತೆಗೆದವರ ಹೆಬ್ಬೆರಳೂ ಇರುತ್ತದೆ.

ಮೊನ್ನೆ ನನ್ನ ಹೈಸ್ಕೂಲು ಮಾಷ್ಟ್ರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ನಾಲ್ಕು ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕ.

"ನೀನು ಎಂತದೋ ವಿಕಿಗೆ ಪುಸ್ತಕ ಹಾಕ್ತೀಯಂತಲ್ಲ ಮಾರಾಯ್ತಿ. ಇದನ್ನೂ ಒಂದು ಪಿಡಿಎಫ್ ಮಾಡಿ ಹಾಕಿಬಿಡು. ಹತ್ತು ನಿಮಿಷದ ಕೆಲಸ ಅಲ್ವಾ?"

ಹತ್ತು ನಿಮಿಷ! ನನ್ನ ಮೊದಲ ಪುಸ್ತಕಕ್ಕೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಮೂರು ಸಲ ಹಾಕಿದೆ. ಮೂರು ಸಲವೂ ತಪ್ಪು ನನ್ನದೇ. ಮಾಷ್ಟ್ರಿಗೆ ಚಹಾ ತರಿಸಿ ಆ ಕತೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ. ಇನ್ನು ಯಾರಾದರೂ ಕೇಳಿದರೆ ಲಿಂಕ್ ಕಳಿಸಿದರೆ ಸಾಕಲ್ಲ.

ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ದೊಡ್ಡ ಹೆಸರಿನವರಲ್ಲ, ಊರಿನ ಹವ್ಯಾಸಿ. ಹಗಲು ತೋಟ, ಆಟಿ ತಿಂಗಳ ರಾತ್ರಿಗಳಲ್ಲಿ ಕರ್ಣ, ಶಲ್ಯ, ವಾಲಿ. ಅವರು ಹೋದ ಮೇಲೆ ಅಟ್ಟದಿಂದ ಒಂದು ಕಬ್ಬಿಣದ ಪೆಟ್ಟಿಗೆ ಇಳಿಸಿದೆವು. ಒಳಗೆ ಮೂವತ್ತರಷ್ಟು ಪ್ರಸಂಗ ಪುಸ್ತಕ. ಎಂಟಕ್ಕೆ ಒರಲೆ ಹಿಡಿದಿತ್ತು. ಉಳಿದವು ಪುಣ್ಯಕ್ಕೆ ಗಟ್ಟಿ ಇದ್ದವು. ಅದರಲ್ಲಿ ಒಂದು ಪಾರ್ತಿಸುಬ್ಬನ ಪ್ರಸಂಗ. ನಮ್ಮ ಕುಂಬಳೆಯ ಕವಿ, ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಊರು. ಪುಸ್ತಕ ಅಚ್ಚಾಗಿ ನೂರು ವರ್ಷ ಆಗುತ್ತ ಬಂದಿದೆ. ಡೆಮಿ 1/8, 96 ಪುಟ, ಅಚ್ಚಿನ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಕಾಗದ ಹಪ್ಪಳದ ಹಾಗೆ.

ಇದನ್ನು ಕಾಮನ್ಸಿಗೆ ಹಾಕೋಣ ಅಂತ ಹೊರಟೆ. ವಿಕಿಪೀಡಿಯದವರ ಚಿತ್ರ, ಪುಸ್ತಕ, ಧ್ವನಿಗಳ ಉಗ್ರಾಣ ಅದು, 2004ರಿಂದ ಉಂಟು. ಅಲ್ಲಿ ಪುಸ್ತಕ ಇಟ್ಟರೆ ಕನ್ನಡ ವಿಕಿಸೋರ್ಸ್‌ನಲ್ಲಿ ಎಡಬದಿಗೆ ಪಠ್ಯ, ಬಲಬದಿಗೆ ಪುಟದ ಚಿತ್ರ ಇಟ್ಟುಕೊಂಡು ಯಾರು ಬೇಕಾದರೂ ಟೈಪ್ ಮಾಡಬಹುದು, ತಿದ್ದಬಹುದು. ಒಬ್ಬರು ತಿದ್ದಿ ಮುಗಿಸಿದರೆ ಆ ಪುಟಕ್ಕೆ ಹಳದಿ ಬಣ್ಣ. ಬೇರೊಬ್ಬರು ಮತ್ತೊಮ್ಮೆ ನೋಡಿ ಸರಿ ಅಂದರೆ ಹಸಿರು.

ನಾನು ಡಿಟಿಪಿಯವಳಲ್ವಾ, ನನ್ನ ತಲೆ ಬೇರೆ ಕಡೆ ಓಡಿತು. ಸ್ಕ್ಯಾನ್ ಯಾಕೆ? ಇಡೀ ಪುಸ್ತಕ ನಾನೇ ಟೈಪ್ ಮಾಡುತ್ತೇನೆ ಅಂದುಕೊಂಡೆ. ಮಾಡಿದೆ ಕೂಡ. ಪೇಜ್‌ಮೇಕರಿನಲ್ಲಿ, ನುಡಿ ಫಾಂಟಿನಲ್ಲಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು. ರಾಗ ತಾಳದ ಹೆಸರು ದಪ್ಪಕ್ಷರ, ಪದ್ಯದ ನಂಬರು ಬಲಗಡೆ, ಸುತ್ತ ಒಂದು ಬಾರ್ಡರ್. ಮದುವೆ ಕಾಗದದ ಹಾಗೆ ಚಂದ. ಅದನ್ನು ವರ್ಡಿಗೆ ತಂದು ಅಪ್‌ಲೋಡ್ ಒತ್ತಿದೆ. ಈ ಬಗೆಯ ಫೈಲು ತೆಗೆದುಕೊಳ್ಳುವುದಿಲ್ಲ ಅಂತ ಬಂತು. ಲಿಬ್ರೆಆಫೀಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ತೆರೆದು, ಅದರ ಓಡಿಟಿ ಅನ್ನುವ ಬಗೆಗೆ ತಿರುಗಿಸಿ ಹಾಕಿದೆ. ಅದೂ ಇಲ್ಲ.

ನನಗೆ ಸಿಟ್ಟೇ ಬಂತು. ಯಾರು ಬೇಕಾದರೂ ತಿದ್ದಬಹುದು ಅಂತ ಬೋರ್ಡು ಹಾಕಿಕೊಂಡ ಜಾಗ. ತಿದ್ದಲಿಕ್ಕೆ ಬರುವ ಫೈಲನ್ನೇ ಬೇಡ ಅನ್ನುತ್ತದೆ. ತಿದ್ದಲಿಕ್ಕೆ ಬಾರದ ಪಿಡಿಎಫ್ ಬೇಕಂತೆ. ಇದ್ಯಾವ ನ್ಯಾಯ? ವರ್ಡಿನದು ಒಂದು ಕಂಪನಿಯ ಸ್ವಂತ ಪದ್ಧತಿ ಅಂತ ಬೇಡವಾದರೆ ಸರಿ. ಓಡಿಟಿ 2006ರಿಂದಲೇ ಐಎಸ್‌ಒ ಮಾನಕ. ಅದೂ ಯಾಕೆ ಬೇಡ?

ಉತ್ತರ ನನ್ನ ಅಂಗಡಿಯಲ್ಲೇ ಇತ್ತು, ನಾಲ್ಕಾರು ವರ್ಷ ಹಿಂದಿನದು. ಒಂದು ಶಾಲೆಯ ಹೆತ್ತವರು ಅರ್ಜಿ ಬರೆಸಲು ಬಂದಿದ್ದರು. ಕನ್ನಡ ಗೊತ್ತಿರುವ ಅಧ್ಯಾಪಕರನ್ನೇ ಹಾಕಿ, ಮಕ್ಕಳಿಗೆ ಪಾಠ ಅರ್ಥ ಆಗುವುದಿಲ್ಲ ಅಂತ. ನಮ್ಮ ಜಿಲ್ಲೆಯಲ್ಲಿ ಈ ಅರ್ಜಿ ಹೊಸತಲ್ಲ ಬಿಡಿ. ಎರಡು ಪುಟ ಕನ್ನಡದಲ್ಲಿ ಹೊಡೆದು ಕೊಟ್ಟೆ. ಕಾಗದದ ಜೊತೆ ಫೈಲೂ ಇಮೇಲ್ ಮಾಡಿ ಅಂದರು, ವರ್ಡ್ ಫೈಲನ್ನೇ ಕಳಿಸಿದೆ. ಆ ಕಚೇರಿಯ ಕಂಪ್ಯೂಟರಿನಲ್ಲಿ ನುಡಿ ಇರಲಿಲ್ಲ. ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡಿನ ಚಿಹ್ನೆ, ಏನೇನೋ ಸೊಟ್ಟ ಗೀಟು. ಅಲ್ಲಿದ್ದ ಕ್ಲಾರ್ಕ್ ಪಾಪ ಒಳ್ಳೆಯ ಮನುಷ್ಯ. ಎಲ್ಲ ಸೆಲೆಕ್ಟ್ ಮಾಡಿ ತನ್ನಲ್ಲಿದ್ದ ಒಂದೇ ನಾಡಭಾಷೆಯ ಫಾಂಟು ಹಾಕಿದರು. ಅದು ಮಲಯಾಳದ್ದು. ಎರಡು ಪುಟ ಪೂರ್ತಿ ಮಲಯಾಳ ಅಕ್ಷರ ಆಯ್ತು. ಒಂದು ಶಬ್ದವೂ ಮಲಯಾಳ ಅಲ್ಲ. ಕನ್ನಡ ಟೀಚರ್ ಬೇಕು ಅನ್ನುವ ಅರ್ಜಿ! ಅವರು ಫೋನ್ ಮಾಡಿ "ಇದು ಏದು ಭಾಷಾ?" ಅಂತ ಕೇಳಿದಾಗ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇದಕ್ಕೆ ಕಾರಣ ಸುಲಭ. ಹಳೆಯ ನುಡಿ, ಶ್ರೀಲಿಪಿ, ಮಲಯಾಳದ ಹಳೆಯ ಫಾಂಟುಗಳು ಎಲ್ಲವೂ ಒಂದೇ ಕಳ್ಳದಾರಿ ಹಿಡಿದವು. ಕಂಪ್ಯೂಟರಿಗೆ ಗೊತ್ತಿರುವ ಇಂಗ್ಲಿಷ್ ಮನೆಗಳಲ್ಲಿ ನಮ್ಮ ಅಕ್ಷರದ ಚಿತ್ರ ಕೂರಿಸಿದ್ದು. ನುಡಿಯಲ್ಲಿ ‘ಕನ್ನಡ’ ಅಂತ ಬರೆದರೆ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೆ ಎ. ಕನ್ನಡ ಕಾಣುವುದು ಫಾಂಟಿನ ದಯೆಯಿಂದ. ಯೂನಿಕೋಡಿನಲ್ಲಿ ಹಾಗಲ್ಲ. ‘ಕ’ಕ್ಕೆ ಅದರದ್ದೇ ಮನೆ ನಂಬರು ಉಂಟು, ಯಾವ ಫಾಂಟು ಹಾಕಿದರೂ ಅದು ‘ಕ’ವೇ.

ಯೂನಿಕೋಡಿನ ವರ್ಡ್ ಫೈಲಾದರೂ ನನ್ನ ಕಂಪ್ಯೂಟರಿನಲ್ಲಿ 96 ಪುಟ ಇದ್ದದ್ದು ನಿಮ್ಮಲ್ಲಿ 101 ಆಗಬಹುದು. ಫಾಂಟು ಬೇರೆ, ಅಂಚು ಬೇರೆ. ಒಳಗೆ ಮ್ಯಾಕ್ರೋ ಅಂತ ಸಣ್ಣ ಪ್ರೋಗ್ರಾಮು ಇಡಬಹುದು, ಅದರಲ್ಲಿ ವೈರಸ್ ಹೊಕ್ಕಿಸಲಿಕ್ಕೂ ಜಾಗ ಉಂಟು. ಪಿಡಿಎಫ್ ಅಡೋಬಿಯವರು 1993ರಲ್ಲಿ ತಂದದ್ದು, 2008ರಲ್ಲಿ ಐಎಸ್‌ಒ ಮಾನಕ ಆಯ್ತು. ಅದರ ಕೆಲಸವೇ ಪುಟವನ್ನು ಇದ್ದ ಹಾಗೆ ಇಡುವುದು. ಫಾಂಟನ್ನು ಫೈಲಿನ ಒಳಗೇ ಕಟ್ಟಿ ಕಳಿಸಬಹುದು. ಪಿಡಿಎಫ್/ಎ ಅಂತ ಒಂದು ಬಗೆ ಉಂಟು, ಅದರಲ್ಲಿ ಫಾಂಟು ಒಳಗೆ ಇರಲೇಬೇಕು. ಲಿಬ್ರೆಆಫೀಸಿನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಒಂದು ಟಿಕ್ ಹಾಕಿದರೆ ಆಯ್ತು.

ಹಾಗಾಗಿ ನನ್ನ ಪೇಜ್‌ಮೇಕರ್ ಕೃತಿಯನ್ನು ಪಿಡಿಎಫ್ ಮಾಡಿ ಹಾಕಿದೆ. ತೆಗೆದುಕೊಂಡಿತು. ಎರಡು ದಿನಕ್ಕೆ ಯಾರೋ ಕೇಳಿದರು, ಮೂಲ ಪುಸ್ತಕ ಎಲ್ಲಿ? 31ನೇ ಪದ್ಯದಲ್ಲಿ ‘ದನಂಜಯ’ ಅಂತ ಇದೆ, ಪುಸ್ತಕದಲ್ಲೇ ಹಾಗಿದೆಯಾ, ನೀವು ಟೈಪ್ ಮಾಡಿದ್ದಾ? ಪಠ್ಯ ಕಾಪಿ ಮಾಡಿದರೆ ಪೌಂಡಿನ ಚಿಹ್ನೆ ಬರುತ್ತದೆ ಅಂತಲೂ ಬರೆದಿದ್ದರು.

ಪುಸ್ತಕ ತೆಗೆದು ನೋಡಿದೆ. ಧನಂಜಯನೇ ಇದ್ದ. ಧಕಾರದ ಸೀಳು ನಾನೇ ನುಂಗಿದ್ದು. ಆಗ ತಲೆಗೆ ಹೋಯ್ತು. ಪಠ್ಯವನ್ನು ಹತ್ತು ಜನ ತಿದ್ದುತ್ತಾರೆ, ಜಗಳ ಆಡುತ್ತಾರೆ, ಮತ್ತೆ ತಿದ್ದುತ್ತಾರೆ. ಅದಕ್ಕೆ ವಿಕಿಯ ಪುಟ ಉಂಟು. ಫೈಲು ಅಲ್ಲಿ ಇರುವುದು ಸಾಕ್ಷಿ ಹೇಳಲಿಕ್ಕೆ. ಸಾಕ್ಷಿಯನ್ನು ಯಾರೂ ತಿದ್ದುವ ಹಾಗಿರಬಾರದು, ನಾನು ಕೂಡ. ಬಾರ್ಡರ್ ಹಾಕಿ ಚಂದ ಮಾಡಿದ ಸಾಕ್ಷಿ ಯಾರಿಗೆ ಬೇಕು ಹೇಳಿ? ಆ ಫೈಲನ್ನು ಅಳಿಸಿಬಿಡಿ ಅಂತ ನಾನೇ ಕೇಳಿಕೊಂಡೆ. ಮೂರು ವಾರದ ಟೈಪಿಂಗ್. ಹೊಟ್ಟೆ ಉರಿಯಿತು, ನಿಜ.

ನಡುವೆ ಕಾಪಿರೈಟ್ ಹಕ್ಕಿನ ವಿಷಯ ಒಂದು ಹೇಳಿ ಮುಂದೆ ಹೋಗುತ್ತೇನೆ, ಮಾಷ್ಟ್ರ ಚೀಲದಲ್ಲಿ ಹೊಸ ಪುಸ್ತಕವೂ ಇತ್ತು. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಹೋದದ್ದು 1963ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಬರಹ 2024ರ ಜನವರಿ 1ರಿಂದ ಇಲ್ಲಿ ಎಲ್ಲರದ್ದು. ಕವಿ ಕೈಯಾರ ಕಿಞ್ಞಣ್ಣ ರೈಗಳು 2015ರಲ್ಲಿ ಹೋದವರು, ಅವರದ್ದಕ್ಕೆ 2076ರ ವರೆಗೆ ಕಾಯಬೇಕು. ನಾನಂತೂ ಇರುವುದಿಲ್ಲ. ಕಾಮನ್ಸಿನವರು ಇದರ ಜೊತೆಗೆ ಅಮೆರಿಕದ ಲೆಕ್ಕವನ್ನೂ ನೋಡುತ್ತಾರೆ, ಅದು ಪುಸ್ತಕ ಅಚ್ಚಾದ ವರ್ಷದ ಮೇಲೆ ಹೋಗುತ್ತದೆ. ಫೈಲಿನ ಬಗೆ ಎಷ್ಟೇ ಸರಿ ಇರಲಿ, ಇದು ತಪ್ಪಿದರೆ ಪುಸ್ತಕ ಅಲ್ಲಿ ಉಳಿಯುವುದಿಲ್ಲ.

ಈಗ ಸ್ಕ್ಯಾನ್. ಮೊಬೈಲ್ ಆ್ಯಪ್ ಬೇಡ ಅಂತ ನಾನು ಹೇಳುವುದಿಲ್ಲ. ಬೇರೆ ದಾರಿ ಇಲ್ಲದಿದ್ದರೆ ಅದೇ ಸೈ. ಆದರೆ ಕೆಲವು ಆ್ಯಪ್ ಪ್ರತಿ ಪುಟದ ಬುಡಕ್ಕೂ ತನ್ನ ಹೆಸರು ಹಾಕುತ್ತದೆ. ಹಳೆಯ ಪುಸ್ತಕವನ್ನು ಬೆನ್ನು ಮುರಿಯದೆ ಬಿಡಿಸಿದರೆ ನಡುವಿನ ಸಾಲು ಬಾಗಿರುತ್ತದೆ. ನನ್ನಲ್ಲಿ ಫ್ಲಾಟ್‌ಬೆಡ್ ಸ್ಕ್ಯಾನರ್ ಉಂಟು. ಪುಸ್ತಕವನ್ನು ಪೂರ್ತಿ ಮಗುಚಿ ಒತ್ತುವುದಿಲ್ಲ, ಗಾಜಿನ ಅಂಚಿಗೆ ಒಂದೊಂದೇ ಪುಟ ಇಡುತ್ತೇನೆ.

ಎಷ್ಟು ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ? ಸಾಧಾರಣ ಅಕ್ಷರಕ್ಕೆ 300, ಅಡಿಟಿಪ್ಪಣಿಯಂಥ ಸಣ್ಣ ಅಕ್ಷರಕ್ಕೆ 600. ಕಲರಿನಲ್ಲಿ, 300ರಲ್ಲಿ, ಏನೂ ಕುಗ್ಗಿಸದೆ ಟಿಫ್ ಅನ್ನುವ ಚಿತ್ರದ ಫೈಲಾಗಿ ಉಳಿಸಿದರೆ ಈ ಅಳತೆಯ ಒಂದು ಪುಟ ಸುಮಾರು 13 ಎಂಬಿ. 96 ಪುಟಕ್ಕೆ 1.2 ಜಿಬಿ. ಇದನ್ನು ಹಾರ್ಡ್ ಡಿಸ್ಕಿನಲ್ಲಿ ಇಡಿ, ಅಪ್‌ಲೋಡಿಗಲ್ಲ. ಬೀಜದ ಅಡಿಕೆ ಬೇರೆ ಇಡುತ್ತೇವಲ್ಲ, ಹಾಗೆ. ಎಂದಾದರೂ ಮತ್ತೆ ಬೇಕಾದರೆ ಇಲ್ಲಿಂದಲೇ ಹೊಸತು ಮಾಡಬೇಕು. ಜೆಪೆಗ್‌ನಿಂದ ಜೆಪೆಗ್, ಅದರಿಂದ ಮತ್ತೊಂದು ಜೆಪೆಗ್ ಮಾಡಿದರೆ ಪ್ರತಿ ಸಲವೂ ಅಕ್ಷರದ ಸುತ್ತ ಧೂಳು ಜಾಸ್ತಿ ಆಗುತ್ತದೆ. ಜೆಪೆಗ್ ಹುಟ್ಟಿದ್ದು ಫೋಟೋಕ್ಕೆ. ಕಪ್ಪು ಅಕ್ಷರ ಬಿಳಿ ಕಾಗದಕ್ಕೆ ತಟ್ಟನೆ ತಿರುಗುವ ಅಂಚು ಅದಕ್ಕೆ ಆಗಿಬರುವುದಿಲ್ಲ.

ಇಂಗ್ಲಿಷ್ ಪುಸ್ತಕಕ್ಕೆ ಅಷ್ಟು ತೊಂದರೆ ಇಲ್ಲ. ನಮ್ಮ ಅಕ್ಷರದಲ್ಲಿ ಜೀವ ಇರುವುದೇ ಚುಕ್ಕೆ, ಸೀಳು, ಸಣ್ಣ ಕೊಕ್ಕೆಯಲ್ಲಿ. ‘ದ’ಕ್ಕೆ ಕೆಳಗೆ ಸೀಳು ಬಂದರೆ ‘ಧ’. ಅದರ ಹೊಟ್ಟೆಯೊಳಗೆ ಚುಕ್ಕೆ ಬಂದರೆ ‘ಥ’. ಆ ಸೀಳು ಹೋದರೆ ಧನ ಹೋಗಿ ದನ ಉಳಿಯುತ್ತದೆ. ಒತ್ತಕ್ಷರವಂತೂ ಗಾತ್ರದಲ್ಲೇ ಅರ್ಧ. 150 ಡಿಪಿಐಯಲ್ಲಿ ನೋಡಿದರೆ ಒತ್ತುಗಳೆಲ್ಲ ಇರುವೆ ಸತ್ತು ಬಿದ್ದ ಹಾಗೆ.

ಇನ್ನೊಂದು ಅಪಾಯ ನನಗೆ ಆಮೇಲೆ ಗೊತ್ತಾದದ್ದು. ಕಪ್ಪು ಬಿಳುಪು ಪಿಡಿಎಫ್ ಸಣ್ಣ ಮಾಡಲಿಕ್ಕೆ ಜೆಬಿಗ್2 ಅಂತ ಒಂದು ವಿಧಾನ ಉಂಟು. ಪುಟದಲ್ಲಿ ಒಂದೇ ಆಕಾರದ ಅಕ್ಷರ ನೂರು ಸಲ ಬಂದರೆ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದ ತೊಂಬತ್ತೊಂಬತ್ತು ಕಡೆ ಅದನ್ನೇ ಅಂಟಿಸುತ್ತದೆ. ಮೊಳೆ ಜೋಡಿಸಿದ ಹಾಗೇ. ಉಪಾಯವೇನೋ ಚಂದ. ಆದರೆ ‘ಸುಮಾರು ಒಂದೇ ಆಕಾರ ಸಾಕು’ ಅಂತ ಸಡಿಲ ಬಿಟ್ಟರೆ ಗ್ರಹಚಾರ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬವರು ಒಂದು ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದಾಗ ಕೋಣೆಗಳ ಅಳತೆಯೇ ಬದಲಾಗಿತ್ತು. ಬೇರೆ ಕಾಗದಗಳಲ್ಲಿ 6 ಹೋಗಿ 8 ಆಗಿತ್ತು. ಮಸುಕಾಗಿ ಅಲ್ಲ, ಸ್ಪಷ್ಟವಾಗಿ, ಮುತ್ತಿನಂಥ 8! ಮಸುಕಾದರೆ ನಮಗೆ ಅನುಮಾನ ಬರುತ್ತದೆ. ಸ್ಪಷ್ಟ ಇದ್ದರೆ ಯಾರು ಅನುಮಾನ ಪಡುತ್ತಾರೆ? 6ಕ್ಕೂ 8ಕ್ಕೂ ಹೀಗಾದರೆ ‘ದ’ಕ್ಕೂ ‘ಧ’ಕ್ಕೂ ಆಗುವುದು ದೊಡ್ಡದಲ್ಲ. ಹಾಗಾಗಿ ‘ಸೈಜ್ ಕಡಿಮೆ ಮಾಡಿ ಕೊಡುತ್ತೇವೆ’ ಅನ್ನುವ ಆನ್‌ಲೈನ್ ಜಾಗಗಳಿಗೆ ನಾನು ಪುಸ್ತಕ ಕೊಡುವುದಿಲ್ಲ. ಒಳಗೆ ಎಂತ ಮಾಡುತ್ತಾರೆ ಅಂತ ಕಾಣುವುದಿಲ್ಲವಲ್ಲ.

ಪಿಡಿಎಫ್ ಬಿಟ್ಟರೆ ಕಾಮನ್ಸ್ ಒಪ್ಪುವ ಇನ್ನೊಂದು ಪುಸ್ತಕದ ಬಗೆ ಡೇಜಾವು. ಬರೆಯುವುದು ‘ಡಿಜೆವಿಯು’ ಅನ್ನುವ ಹಾಗೆ.

"ಡೀಜೆಯಾ? ಗಣೇಶೋತ್ಸವಕ್ಕೆ ತರಿಸ್ತಾರಲ್ಲ, ಅದಾ?" ಅಂದರು ಮಾಷ್ಟ್ರು.

ಅದಲ್ಲ. 1990ರ ದಶಕದಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಪ್ರಯೋಗಶಾಲೆಯಲ್ಲಿ ಸ್ಕ್ಯಾನ್ ಮಾಡಿದ ಪುಟಕ್ಕೆಂದೇ ಮಾಡಿದ್ದು. ಮಾಡಿದವರಲ್ಲಿ ಯಾನ್ ಲೆಕುನ್ ಒಬ್ಬರು, ಈಗ ಎಐ ಸುದ್ದಿಯಲ್ಲಿ ಬರುತ್ತಾರಲ್ಲ, ಅವರೇ. ಇದು ಪುಟವನ್ನು ಪದರ ಮಾಡುತ್ತದೆ. ಅಕ್ಷರದ ಪದರವನ್ನು ಚೂಪಾಗಿ ಇಡುತ್ತದೆ. ಹಿಂದಿನ ಹಳದಿ ಕಾಗದ, ಕಲೆ, ನೆರಳು ಮಸುಕಾದರೆ ಯಾರಿಗೂ ನಷ್ಟ ಇಲ್ಲ ಅಂತ ಅದನ್ನು ಚೆನ್ನಾಗಿ ಕುಗ್ಗಿಸುತ್ತದೆ. ನನ್ನ ಪುಸ್ತಕ ಕಲರ್ ಪಿಡಿಎಫ್ ಆಗಿ 58 ಎಂಬಿ ಇತ್ತು. ಡೇಜಾವು ಆಗಿ 7. ಆಕಾರ ಹೋಲಿಸಿ ಅಂಟಿಸುವ ಬುದ್ಧಿ ಇದಕ್ಕೂ ಉಂಟು, ಆದರೆ ಡೇಜಾವುಲಿಬ್ರೆ ಅನ್ನುವ ಉಚಿತ ತಂತ್ರಾಂಶದಲ್ಲಿ ನಾವಾಗಿ ಸಡಿಲ ಬಿಡದಿದ್ದರೆ ಆ ಆಟ ಆಡುವುದಿಲ್ಲ.

ಹಾಗಾದರೆ ಡೇಜಾವುವೇ ಒಳ್ಳೆಯದಲ್ವಾ? ನಾನೂ ಒಂದು ತಿಂಗಳು ಅದರ ಭಕ್ತೆ ಆಗಿದ್ದೆ. ಆಮೇಲೆ ಅಣ್ಣನಿಗೆ ಕಳಿಸಿದೆ, ಅವನ ಫೋನಿನಲ್ಲಿ ತೆರೆಯಲಿಲ್ಲ. ಭಾಗವತರೊಬ್ಬರಿಗೆ ಕಳಿಸಿದೆ, ಅವರದ್ದರಲ್ಲೂ ಇಲ್ಲ. ಬ್ರೌಸರಿನಲ್ಲಿ ಸೀದಾ ತೆರೆಯುವುದಿಲ್ಲ, ಬೇರೆ ಆ್ಯಪ್ ಬೇಕು. ಇಂಟರ್ನೆಟ್ ಆರ್ಕೈವ್‌ನವರೂ 2016ರಲ್ಲಿ ಹೊಸ ಪುಸ್ತಕಕ್ಕೆ ಡೇಜಾವು ಮಾಡುವುದನ್ನು ನಿಲ್ಲಿಸಿದರು. ವಿಕಿಯ ಒಳಗೆ ಕೂತು ತಿದ್ದುವವರಿಗೆ ಎರಡೂ ಒಂದೇ. ಇಳಿಸಿಕೊಂಡು ಫೋನಿನಲ್ಲಿ ಪದ್ಯ ಹೇಳುವವರಿಗೆ ಪಿಡಿಎಫ್ಫೇ ಬೇಕು. ನಾನು ಈಗ ಪಿಡಿಎಫ್ ಹಾಕುತ್ತೇನೆ. ಹಳೆಯ ವಿಕಿಸೋರ್ಸಿಗರಲ್ಲಿ ಡೇಜಾವು ಬಿಟ್ಟು ಮಾತೇ ಆಡದವರು ಇದ್ದಾರೆ, ಅವರ ಹತ್ತಿರ ನಾನು ಚರ್ಚೆಗೆ ಹೋಗುವುದಿಲ್ಲ.

ಮಾಷ್ಟ್ರ ಮನೆಯಲ್ಲಿ ತಾಳೆಗರಿಯೂ ಒಂದು ಕಟ್ಟು ಉಂಟಂತೆ, ನಮ್ಮ ಕಡೆಯ ಹಳೆಯ ತಿಗಳಾರಿ ಲಿಪಿಯದ್ದು. ಅದಕ್ಕೆ ಪಿಡಿಎಫ್ ಬೇಡವೇ ಬೇಡ ಅಂದೆ. ಒಂದೊಂದು ಗರಿಯ ಒಂದೊಂದು ಬದಿಗೆ ಒಂದೊಂದು ಚಿತ್ರ, ಸಾಲಾಗಿ ನಂಬರು. ಗರಿಯ ಅಳತೆ ಪುಸ್ತಕದ್ದಲ್ಲ, ಓದುವವರು ಹಿಗ್ಗಿಸಿ ಹಿಗ್ಗಿಸಿ ನೋಡಬೇಕು. ತುಳು–ತಿಗಳಾರಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೂ ಬಂತು, ಹಾಗಾಗಿ ಮುಂದೆ ಯಾರಾದರೂ ಅದೇ ಲಿಪಿಯಲ್ಲಿ ಟೈಪ್ ಕೂಡ ಮಾಡಬಹುದು.

ಸರಿ, ನನ್ನ ಪುಸ್ತಕಕ್ಕೆ ಬರುತ್ತೇನೆ.

ಎರಡನೇ ಸಲ ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಹಾಕಿದೆ, ಕಪ್ಪು ಬಿಳುಪು ಮಾಡಿದ್ದೆ. ಹಳದಿ ಕಾಗದ ಬೆಳ್ಳಗಾಗಿ ಹೊಸ ಪುಸ್ತಕದ ಹಾಗೆ ಕಂಡಿತು. ಬರೀ 5 ಎಂಬಿ. ಆ ರಾತ್ರಿ ಮಳೆಗೆ ಎರಡು ಸಲ ಕರೆಂಟ್ ಹೋಯ್ತು, ಫೋನಿನ ಡಾಟಾದಲ್ಲೇ ಅಪ್‌ಲೋಡ್ ಆಯ್ತು. ಖುಷಿಯೋ ಖುಷಿ. ಚಿತ್ರದಿಂದ ಅಕ್ಷರ ಓದುವ ಓಸಿಆರ್ ಹಾಕಿದರೆ ಮೊಳೆ ಸವೆದ ಕಡೆ ಸ್ವಲ್ಪ ಎಡವಿತು. ‘ಝಂಪೆ’ಯನ್ನು ಪ್ರತಿ ಸಲವೂ ‘ರುಂಪೆ’ ಅಂತ ಓದಿತು. ಉಳಿದದ್ದು ಅಡ್ಡಿಯಿಲ್ಲ. ಧಾರವಾಡ ಕಡೆಯವರೊಬ್ಬರು ಬಂದು ತಿದ್ದಲು ಶುರು ಮಾಡಿದರು. ಅವರ ಹೆಸರು ನನಗೆ ಗೊತ್ತಿಲ್ಲ, ವಿಕಿಯ ಅಡ್ಡಹೆಸರು ಮಾತ್ರ. ದಿನಕ್ಕೆ ನಾಲ್ಕೈದು ಪುಟ ಹಳದಿ ಆಗುತ್ತಿತ್ತು. ಅಂಗಡಿಯಲ್ಲಿ ಚಹಾ ಕುಡಿಯುವಾಗೆಲ್ಲ ನೋಡುತ್ತಿದ್ದೆ.

67ನೇ ಪುಟದವರೆಗೆ ಹೋದ ಮೇಲೆ ಅವರು ಒಂದು ಮಾತು ಬರೆದರು. "ಅಕ್ಕಾರ, 39ರ ಕೊನೀ ಪದ್ಯ ಅರ್ಧಕ್ಕ ನಿಂತೈತಿ. ಮುಂದಿನ ಪುಟ ನೋಡಿದ್ರ 42 ಐತಿ. ನಡುವಿನವು ಎರಡು ಎಲ್ಲಿ ಹೋದವು?"

ಪುಸ್ತಕ ತೆಗೆದೆ. 40 ಮತ್ತು 41 ಎದುರುಬದುರು ಪುಟ. ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಕಂದು ಬಣ್ಣದ ಒಂದು ಬೊಟ್ಟು. ಹಲಸಿನ ಮೇಣ! ಯಾವ ವರ್ಷದ ಹಲಸೋ ದೇವರಿಗೇ ಗೊತ್ತು. ಕೈಗೆ ಅಂಟಿದ ಮೇಣವಾದರೆ ತೆಂಗಿನೆಣ್ಣೆ ಹಚ್ಚಿ ತೆಗೆಯಬಹುದು. ಕಾಗದಕ್ಕೆ ಎಣ್ಣೆ ತಾಗಿದರೆ ಆಚೆ ಬದಿಯ ಅಕ್ಷರ ಈಚೆ ಕಾಣುತ್ತದೆ. ಬಿದಿರಿನ ಕಡ್ಡಿಯನ್ನು ತೆಳ್ಳಗೆ ಕೆತ್ತಿ ಮೆಲ್ಲ ಮೆಲ್ಲ ಬಿಡಿಸಿದೆ. ಅರ್ಧ ಗಂಟೆ. ಮೂಲೆಯಲ್ಲಿ ಒಂದು ಅಕ್ಷರ ಆಚೆ ಪುಟಕ್ಕೆ ಹೋಯ್ತು, ಉಳಿದದ್ದು ಸಿಕ್ಕಿತು.

ಆಮೇಲೆ ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆ. ಆ ಎರಡು ಪುಟ ಸ್ಕ್ಯಾನ್ ಮಾಡಿ, ನಡುವೆ ಸೇರಿಸಿ, ಅದೇ ಹೆಸರಿನ ಫೈಲಿನ ಮೇಲೆ ಹೊಸ ಆವೃತ್ತಿ ಅಂತ ಹಾಕಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ನೋಡಿದರೆ ಅಧ್ವಾನ. ವಿಕಿಸೋರ್ಸಿನಲ್ಲಿ ಪಠ್ಯ ಅಂಟಿಕೊಂಡಿರುವುದು ಫೈಲಿನ ಎಷ್ಟನೇ ಪುಟ ಅನ್ನುವ ಲೆಕ್ಕಕ್ಕೆ. ನಡುವೆ ಎರಡು ಪುಟ ನುಗ್ಗಿದರೆ ಅಲ್ಲಿಂದ ಮುಂದಿನ ಚಿತ್ರಗಳೆಲ್ಲ ಎರಡೆರಡು ಮನೆ ಮುಂದೆ ಹೋಗುತ್ತವೆ. ಪಠ್ಯ ಅಲ್ಲೇ ಕೂತಿರುತ್ತದೆ. ಅವರು ತಿದ್ದಿದ 42ರ ಪಠ್ಯದ ಎದುರು ಈಗ 40ರ ಚಿತ್ರ. 43ರ ಎದುರು 41. ಹೀಗೆ 26 ಪುಟ. ಎಲ್ಲ ಹಳದಿ ಆದವು, ಎಲ್ಲ ತಪ್ಪು.

ಸರಿ ಮಾಡುವುದು ಹೇಗೆ ಅಂತ ಅವರೇ ಹೇಳಿಕೊಟ್ಟರು. ಪ್ರತಿ ಪುಟದ ಪಠ್ಯವನ್ನೂ ಎರಡು ಮನೆ ಮುಂದೆ ಸರಿಸಬೇಕು, ಅದೂ ಕೊನೆಯಿಂದ. ಮೊದಲು 67, ಆಮೇಲೆ 66, 65. ಮುಂದಿನಿಂದ ಶುರು ಮಾಡಿದರೆ ಹೋಗಬೇಕಾದ ಮನೆಯಲ್ಲಿ ಬೇರೆಯವರು ಕೂತಿರುತ್ತಾರೆ. ತುಂಬಿದ ಬಸ್ಸಿನಲ್ಲಿ ಹಿಂದೆ ಇದ್ದವರು ಹಿಂಬಾಗಿಲಿನಿಂದ ಇಳಿಯದೆ ಮುಂದಿನವರು ಹಿಂದೆ ಸರಿಯಲಿಕ್ಕೆ ಆಗುವುದಿಲ್ಲವಲ್ಲ, ಹಾಗೆ. 13 ಪುಟ ಅವರು, 13 ನಾನು. ಅವರು ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಹಾಗಾಗಿ ಮಾಷ್ಟ್ರಿಗೆ ಹೇಳಿದೆ, ನಿಮ್ಮ ನಾಲ್ಕೂ ಪುಸ್ತಕದ ಪುಟ ಮೊದಲು ಎಣಿಸಿ. ಒಂದಲ್ಲ, ಎರಡು ಸಲ. ಖಾಲಿ ಪುಟ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಬೇಕು, ಖಾಲಿ ಅಂತ ಬಿಡುವ ಹಾಗಿಲ್ಲ. ಹರಿದ ಪುಟ ಇದ್ದರೆ ಆ ಜಾಗದಲ್ಲಿ ಒಂದು ಬಿಳಿ ಹಾಳೆಯಾದರೂ ಇರಲಿ, ಇನ್ನೊಂದು ಪ್ರತಿ ಯಾರ ಮನೆಯಲ್ಲಾದರೂ ಸಿಕ್ಕಿದಾಗ ಅಲ್ಲಿಗೇ ಕೂರಿಸಬಹುದು. ಫೈಲಿಗೆ ಪುಸ್ತಕದ್ದೇ ಹೆಸರು ಕೊಡಬೇಕು. ‘ಸ್ಕ್ಯಾನ್ 0001 ಹೊಸತು ಫೈನಲ್’ ಅಂತ ಹಾಕಿದರೆ ನಾಳೆ ನಮಗೇ ಸಿಗುವುದಿಲ್ಲ.

"ಮೂರನೇ ಸಲ ಯಾಕೆ ಹಾಕಿದ್ದು ಮತ್ತೆ?" ಅಂತ ಕೇಳಿದರು ಮಾಷ್ಟ್ರು. ಲೆಕ್ಕ ಬಿಡುವವರಲ್ಲ ಅವರು, ಗಣಿತ ಹೇಳಿಕೊಟ್ಟವರು.

ಮೂರನೆಯದು ಅಣ್ಣನಿಂದ. ಅವನು ಓಣಂ ರಜೆಗೆ ಮನೆಗೆ ಬಂದಿದ್ದ. ಜಗಲಿಯಲ್ಲಿ ಕೂತು ಆ ಪುಸ್ತಕ ಸುಮ್ನೆ ತಿರುವುತ್ತಿದ್ದವನು 41ರಲ್ಲಿ ನಿಂತು ಕರೆದ. ಪುಟದ ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಅಕ್ಷರ. ನಾಲ್ಕು ಪದ್ಯಕ್ಕೆ ಒಟ್ಟಾಗಿ ಒಂದು ಗೀಟು ಹಾಕಿ ‘ಬಿಡುವುದು’ ಅಂತ. ಹೊತ್ತು ಸಾಲದಿದ್ದರೆ ಹಾರಿಸಲಿಕ್ಕೆ ಇರಬೇಕು. ಅದರ ಕೆಳಗೆ ಇನ್ನೂ ಸಣ್ಣಕ್ಕೆ, ‘ಬೆಲ್ಲ 2 ಕೆಜಿ, ಟಾರ್ಚಿನ ಸೆಲ್ 2, ಮಗುವಿಗೆ ಕಾಪಿ ಪುಸ್ತಕ’.

ಪುಟ ಬಿಡಿಸುವಾಗ ನನ್ನ ಕಣ್ಣೆಲ್ಲ ಮೇಣದ ಮೇಲಿತ್ತು. ಆಮೇಲೆ ನೋಡಿದ್ದು ಸ್ಕ್ಯಾನನ್ನು ಮಾತ್ರ. ಸ್ಕ್ಯಾನ್ ತೆರೆದೆ. 41ನೇ ಪುಟದ ಅಂಚು ಬೆಳ್ಳಗೆ. ಏನೂ ಇಲ್ಲ. ಕಪ್ಪು ಬಿಳುಪು ಮಾಡುವಾಗ ಕಂಪ್ಯೂಟರು ಒಂದು ಗೆರೆ ಎಳೆಯುತ್ತದೆ. ಅದಕ್ಕಿಂತ ಗಾಢ ಇದ್ದದ್ದು ಕಪ್ಪು, ತಿಳಿ ಇದ್ದದ್ದು ಬಿಳಿ, ನಡುವೆ ಏನೂ ಇಲ್ಲ. ಅಚ್ಚಿನ ಶಾಯಿ ಉಳಿಯಿತು. ಹಳದಿ ಕಾಗದ ಬೆಳ್ಳಗಾಯ್ತು. ಕಾಗದದ ಜೊತೆ ಪೆನ್ಸಿಲೂ ಹೋಯ್ತು. ಬೇರೆ ಪುಟಗಳನ್ನು ಹೋಲಿಸಿದೆ. ಹನ್ನೊಂದು ಕಡೆ ಹೀಗೇ ಆಗಿತ್ತು. ಹೊಸ ಪುಸ್ತಕದ ಹಾಗೆ ಕಾಣುತ್ತದೆ ಅಂತ ನಾನು ಹಿಗ್ಗಿದ್ದು ಇದಕ್ಕೆ.

ಕಲರ್ ಟಿಫ್ ಹಾರ್ಡ್ ಡಿಸ್ಕಿನಲ್ಲಿ ಇತ್ತು, ಹಾಗಾಗಿ ಪುಸ್ತಕವನ್ನು ಮತ್ತೆ ಗಾಜಿನ ಮೇಲೆ ಮಲಗಿಸುವ ಕೆಲಸ ಬರಲಿಲ್ಲ. ಅದರಿಂದಲೇ 58 ಎಂಬಿಯ ಪಿಡಿಎಫ್ ಮಾಡಿದೆ. ಈ ಸಲ ಮೊದಲೇ ಧಾರವಾಡದವರಿಗೆ ಬರೆದು, ಪುಟ 96 ಇದ್ದದ್ದು ಹಾಗೇ ಇದೆ, ಲೆಕ್ಕ ಬದಲಾಗುವುದಿಲ್ಲ ಅಂತ ತಿಳಿಸಿ ಹಾಕಿದೆ. ಸಾದಾ ಫಾರ್ಮಿನ ಮಿತಿ 100 ಎಂಬಿ, ಅದರೊಳಗೇ ಹಿಡಿಯಿತು.

ಹಾಕುವ ಮೊದಲು ಅಣ್ಣ ಕೇಳಿದ, "ಆ ಬೆಲ್ಲದ ಲೆಕ್ಕ ಒಂದು ಒರೆಸಿಬಿಡುವುದಾ? ಲೋಕಕ್ಕೆಲ್ಲ ಯಾಕೆ ಅದು?" ನಾನು ಬೇಡ ಅಂದೆ. ಆ ಕಾಪಿ ಪುಸ್ತಕ ಅವನಿಗೋ ನನಗೋ ಅಂತ ಇನ್ನೂ ತೀರ್ಮಾನ ಆಗಿಲ್ಲ.

ಕಾಮನ್ಸಿನಲ್ಲಿ ಫೈಲಿನ ಕೆಳಗೆ ಅದರ ಚರಿತ್ರೆ ಇರುತ್ತದೆ, ಹಳೆಯದು ಯಾವುದೂ ಅಳಿಯುವುದಿಲ್ಲ. ನನ್ನದರಲ್ಲಿ ಮೂರು ಸಾಲು. 94 ಪುಟ. 96 ಪುಟ, ಬಿಟ್ಟುಹೋದ ಎರಡು ಸೇರಿಸಿದೆ. 96 ಪುಟ, ಪೆನ್ಸಿಲ್ ಕಾಣುವ ಹಾಗೆ.

ಮರುದಿನ ಧಾರವಾಡದವರು ಕೇಳಿದ್ದರು, 41ರ ಪಠ್ಯದಲ್ಲಿ ಬೆಲ್ಲ, ಸೆಲ್ ಎಲ್ಲ ಟೈಪ್ ಮಾಡಬೇಕೇನ್ರಿ ಅಂತ. ಬೇಡ, ಅಚ್ಚಾದದ್ದು ಮಾತ್ರ ಸಾಕು, ಅದು ಚಿತ್ರದಲ್ಲಿ ಇರಲಿ ಅಂದೆ. ಆ ಪುಟ ಈಗ ಹಸಿರು.

ಮಾಷ್ಟ್ರು ಚೀಲ ಇಲ್ಲೇ ಬಿಟ್ಟು ಹೋಗಿದ್ದಾರೆ. ಮೊದಲನೆಯದನ್ನು ಎಣಿಸಿದೆ. ಮುದ್ರಣದ ಪ್ರಕಾರ 72 ಇರಬೇಕು, 70 ಬರುತ್ತಾ ಉಂಟು. ನಾಳೆ ಬೆಳಕಿನಲ್ಲಿ ನೋಡಬೇಕು.